ಒಂದು ಕಣ್ಣಿಗೆ ಪಟ್ಟಿ ಅಂಟಿಸಿಕೊಂಡು ಬಾ

ಮಗನೇ ಕುರಿಯಾಚ್ಚ,

ಅಪ್ಪಚ್ಚನ್ ತೀರಿಕೊಂಡ ಸುದ್ದಿ ಬಂದ ದಿನ, ನೀನು ಗೀರಿದ ಕಡ್ಡಿ ಮೇಣದ ಬತ್ತಿಗೆ ತಾಗದೆ ಪಕ್ಕಕ್ಕೆ ಹೋಯಿತು. “ಅಪ್ಪ ಸತ್ತ ದಿನಾನೂ ಕುಡ್ಕೊಂಡು ಬಂದಿದ್ದೀಯೇನೋ?” ಎಂದ ಚಿಕ್ಕಪ್ಪನಿಗೆ, ಕಣ್ಣಿನ ನರ ಸೋತು ನಿನಗೆ ಎಲ್ಲವೂ ಎರಡೆರಡಾಗಿ ಕಾಣುತ್ತದೆಂದು ನಾನು ಹೇಳಬೇಕಿತ್ತು. ಅಳುತ್ತ ಸುಮ್ಮನಿದ್ದೆ, ತಪ್ಪು ನನ್ನದು.

ನಿನ್ನೆ ಹೇಳಿದೆ. “ಅಯ್ಯೋ ಅತ್ತಿಗೆ, ಆಗ್ಲೇ ಬಾಯಿ ಬಿಡಬಾರದಿತ್ತಾ? ಕರೀರಿ ಅವನನ್ನ, ಕೈ ನಾನು ಹಿಡ್ಕೊತೀನಿ” ಎಂದು ಅವನೂ ಅತ್ತ.

ಇಂದು ಅಪ್ಪಚ್ಚನ್ ತೀರಿಕೊಂಡ ನಲವತ್ತೊಂದನೆಯ ದಿನ, ಸಮಾಧಿಯ ಬಳಿ ಪ್ರಾರ್ಥನೆ ಇದೆ. ನಾಚಿಕೆಯಿಂದ ಮನೆಯಲ್ಲೇ ಕೂರಬೇಡ. ಬೇಯಿಸಿದ ಮರಗೆಣಸು ಮುಚ್ಚಿಟ್ಟಿದ್ದೇನೆ, ತಿನ್ನು. ಎಡಗಣ್ಣಿಗೆ ಪಟ್ಟಿ ಅಂಟಿಸಿಕೋ. ಒಂದೇ ಕಣ್ಣಲ್ಲಿ ನೋಡಿದರೆ ಚರ್ಚಿನ ಮೆಟ್ಟಿಲು ಎರಡಾಗದೆ ಸರಿಯಾಗಿ ಕಾಣುತ್ತದೆ. ಸಮಾಧಿಯ ಬತ್ತಿಯನ್ನು ಮಗನೇ ಹಚ್ಚಬೇಕು. ಎಷ್ಟು ತಡವಾದರೂ ಪಾದ್ರಿಯವರನ್ನು ನಿಲ್ಲಿಸಿಕೊಂಡು ನಿನ್ನ ಹೆತ್ತ ಈ ಅಮ್ಮಚ್ಚಿ ಕಾಯುತ್ತಿರುತ್ತೇನೆ.

ಕರ್ತನೇ, ನಿನ್ನ ದಾಸನಾದ ನನ್ನ ಗಂಡ ವರ್ಕಿಯ ಆತ್ಮಕ್ಕೆ ನಿನ್ನ ಮಡಿಲಲ್ಲಿ ನೆಮ್ಮದಿಯ ನಿದ್ರೆ ಕೊಡು.