ಸೋಮಾರಿ ಅಂತ ಬರೆದುಕೊಟ್ಟೆ

ಫೆಬ್ರವರಿ ೧೧, ಮಂಗಳವಾರ

ಇನ್ನೂ ಮೈ ಉರಿಯುತ್ತಿದೆ. ತಂಗಿ ಮೊದಲನೇ ಪೀರಿಯಡ್‌ನಲ್ಲಿ ನಿದ್ದೆ ಮಾಡಿದಳಂತೆ, ಮೂರನೇ ಸಲ. ಮನೆಯವರು ಕ್ಷಮಾಪಣೆ ಪತ್ರ ಕೊಡದಿದ್ದರೆ ಪರೀಕ್ಷೆಗೆ ಕೂರಿಸಲ್ಲವಂತೆ. ಅಮ್ಮನಿಗೆ ರಜೆ ಸಿಗಲಿಲ್ಲ. ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಆರಿಸಿಟ್ಟು ನಾನೇ ಶಾಲೆಗೆ ಹೋದೆ.

ಶಾಲೆಯ ಗುಮಾಸ್ತ ಹಾಳೆ ಕೊಟ್ಟು, "ಬರ್ಕೊಳಮ್ಮ, ನಮ್ಮ ಹುಡುಗಿಯ ಸೋಮಾರಿತನದಿಂದ..." ಅಂತ ಶುರು ಮಾಡಿದ.

ಸೋಮಾರಿತನವಂತೆ! ಇವರು ಬೆಲ್ ಹೊಡೆಯುವುದು ಏಳಕ್ಕೆ, ಬಸ್ಸು ಐದೂಮುಕ್ಕಾಲಿಗೆ. ಬೆಳಿಗ್ಗೆ ಹತ್ತು ನಿಮಿಷ ಹೆಚ್ಚು ಮಲಗಬಹುದು ಅಂತ ಅವಳು ರಾತ್ರಿಯೇ ಯೂನಿಫಾರ್ಮ್ ಹಾಕಿಕೊಂಡು ಮಲಗುತ್ತಾಳೆ. ನಾನು ಮಾಡಿಕೊಟ್ಟ ಇಸ್ತ್ರಿಯೆಲ್ಲ ಹಾಳು. ಹದಿನಾಲ್ಕರ ವಯಸ್ಸಿಗೆ ರಾತ್ರಿ ಹನ್ನೊಂದಾಗದೆ ನಿದ್ದೆ ಹತ್ತಲ್ಲ, ನನಗೂ ಹತ್ತುತ್ತಿರಲಿಲ್ಲ. ನನ್ನನ್ನೂ ಹೀಗೇ ಕ್ಲಾಸಿನ ಹೊರಗೆ ನಿಲ್ಲಿಸಿ ನಿಲ್ಲಿಸಿ, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಡುವ ಹಾಗೆ ಮಾಡಿದರು.

"ಒಂಬತ್ತಕ್ಕೆ ಬೆಲ್ ಹೊಡೀರಿ ಸಾರ್, ಯಾರು ತೂಕಡಿಸ್ತಾರೋ ನೋಡೋಣ" ಅಂದೆ.

"ನಿನ್ನ ತಂಗಿಗೋಸ್ಕರ ಸೂರ್ಯನಿಗೂ ಲೇಟಾಗಿ ಬಾ ಅನ್ಬೇಕಾ?" ಅಂತ ನಕ್ಕ. ನಗುತ್ತಲೇ ಬಾಯಗಲ ಆಕಳಿಸಿದ, ಕತ್ತೆ.

ಪೆನ್ ಎಸೆದು ಎದ್ದೆ. ಬಾಗಿಲಲ್ಲಿ ನಿಂತಿದ್ದ ತಂಗಿ ಓಡಿಬಂದು ಕೈ ಹಿಡಿದುಕೊಂಡಳು. "ಅಕ್ಕಾ, ಜಗಳ ಬೇಡ ಕಣೇ. ಸೋಮಾರಿ ಅಂತಲೇ ಬರ್ಕೊಡು. ನಾನು ಪರೀಕ್ಷೆ ಬರೀಬೇಕು. ನಿನ್ನ ಥರ..." ಅಷ್ಟಕ್ಕೇ ನಿಲ್ಲಿಸಿದಳು.

ಬರೆದುಕೊಟ್ಟೆ. ಸೋಮಾರಿ ಅಂತ ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಅದಕ್ಕೆ ಅವಳು ಥ್ಯಾಂಕ್ಸ್ ಬೇರೆ ಹೇಳಿದಳು. ಥ್ಯಾಂಕ್ಸಂತೆ, ನನಗೆ...