ಪಟ್ಟಿಗೆ ಸೇರದ ಗೋಡೆ

ಸೋನಾರ್‌ಪುರ, ವಾರಾಣಸಿ
18 ನವೆಂಬರ್ 2024

ತಂಗಿ ಕಾತ್ಯಾಯನಿಗೆ ಅಣ್ಣ ಚಿದಾನಂದನ ಆಶೀರ್ವಾದ.

ನಾನಿಲ್ಲಿ ಕ್ಷೇಮ, ನನ್ನ ಮಂಡಿನೋವು ನನಗಿಂತ ಕ್ಷೇಮ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಕ್ಷಮಿಸು. ನಾಲ್ಕು ಸಲ ಫೋನ್ ಎತ್ತಿಕೊಂಡೆ, ಇಟ್ಟುಬಿಟ್ಟೆ. ದಶಾಶ್ವಮೇಧ ಘಾಟಿನಲ್ಲಿ ನಲವತ್ತೈದು ವರ್ಷ ಕನ್ನಡದ ಯಾತ್ರಿಕರಿಗೆ ದಾರಿ ತೋರಿಸಿ, ಬರೀ ಬಾಯಿಂದ ಮನೆ ಕಟ್ಟಿದವನಿಗೆ ತಂಗಿಯೆದುರು ಬಾಯಿ ಬರಲಿಲ್ಲ.

ಶಿವರಾತ್ರಿಗೆ ಮೊಮ್ಮಗಳು ಅಮೂಲ್ಯಾಳನ್ನು ಕರೆತಂದು, ಸರ್ಕಾರಿ ಛತ್ರದ ಹಿತ್ತಿಲ ಗೋಡೆಯ ಮೇಲೆ ಅಮ್ಮನ ಹೆಸರು ತೋರಿಸುತ್ತೇನೆ ಎಂದು ನೀನು ಬರೆದಿದ್ದೆ. ಬರಬೇಡ. ಗೋಡೆ ಇಲ್ಲ.

ಸರ್ಕಾರ ಛತ್ರವನ್ನು ಮಾರಿತು. ಕೊಂಡವನು ಓಂಕಾರ್ ಸೇಠ್, ಹೋಟೆಲ್ ಮಾಡುತ್ತಾನಂತೆ. ಹಳೆಯ ಕಟ್ಟಡವಲ್ಲವೇ, ಷರತ್ತು ಹಾಕಿದರು: ಪಾರಂಪರಿಕ ಎಂದು ಪಟ್ಟಿ ಮಾಡಿದ ಯಾವುದನ್ನೂ ಮುಟ್ಟುವಂತಿಲ್ಲ. ಪಟ್ಟಿ ಮಾಡಲು ಬದರಿ ಬಾಬು ಎಂಬ ಅಧಿಕಾರಿ ಬಂದಿದ್ದರು. ಕೆತ್ತನೆಯ ಬಾಗಿಲು, ಮರದ ಬಾಲ್ಕನಿ, ಹನ್ನೆರಡು ಕಲ್ಲುಕಂಬ, ಹೀಗೆ ನಲವತ್ತೊಂದು ಬಾಬತ್ತು. ಹದಿನೇಳನೆಯದು ಕುದುರೆ ಕಟ್ಟುವ ಕಬ್ಬಿಣದ ಕೊಂಡಿ. ಆ ಓಣಿಯಲ್ಲಿ ಕುದುರೆ ಹಾಗಿರಲಿ, ಇ-ರಿಕ್ಷಾ ಕೂಡ ನುಗ್ಗದು. "ಅರೇ ಪಂಡಿತ್‌ಜೀ, ಈ ಕೊಂಡಿಗಿರೋ ಕಾವಲು ನನ್ನ ತಿಜೋರಿಗೂ ಇಲ್ಲ!" ಎಂದು ಸೇಠ್ ಗೋಳಾಡಿದ.

ಇಲ್ಲಿಗೆ ಬಂದು ತೀರಿಕೊಂಡ ನಮ್ಮ ಕಡೆಯವರ ಹೆಸರನ್ನು ಕೆಮ್ಮಣ್ಣಿನಲ್ಲಿ ಬರೆಯುತ್ತಿದ್ದ ಆ ಗೋಡೆ ಮಾತ್ರ ಪಟ್ಟಿಗೆ ಬರಲಿಲ್ಲ. ಸುಟ್ಟು ಗಂಗೆಗೆ ಬಿಟ್ಟವರಿಗೆ ಬೇರೆ ಗುರುತೆಲ್ಲಿ? ಅಲ್ಲೀಗ ಲಿಫ್ಟ್ ಬರುತ್ತಿದೆ. ಅರ್ಧ ದಿನದಲ್ಲಿ ಕೆಡವಿದರು. ಒಂದು ಅಕ್ಷರವಾದರೂ ಸಿಕ್ಕೀತೇನೋ ಎಂದು ಬಗ್ಗಿ ಹುಡುಕಿದೆ. "ಹಟಿಯೇ ಬಾಬಾ, ಇಟ್ಟಿಗೆ ತಲೆ ಮೇಲೆ ಬಿದ್ರೆ ಹೊರೋರು ಯಾರು?" ಎಂದು ಕೂಲಿಯವನೊಬ್ಬ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದ. ಪುಡಿಯಾದದ್ದನ್ನೆಲ್ಲ ಚೀಲಕ್ಕೆ ತುಂಬಿ ಒಯ್ದರು.

ನಿನ್ನ ಕಣ್ಣಿನ ಆಪರೇಷನ್ ಸಲೀಸಾಗಿ ಮುಗಿಯಲಿ. ಅಮೂಲ್ಯಾಳಿಗೆ ವಿದ್ಯೆ ಹತ್ತಲಿ, ನನ್ನ ಬಾಯಿ ಬಾರದಿರಲಿ. ವಿಶ್ವನಾಥ ನಿಮ್ಮನ್ನು ಕಾಯಲಿ.

ನಿನ್ನ ಅಣ್ಣ,
ಚಿದಾನಂದ

ತಾ.ಕ.: ಗೋಡೆ ಪಟ್ಟಿಗೆ ಬರಲಿಲ್ಲ ಎಂದೆನಲ್ಲ, ಸುಳ್ಳು. ಬಂದಿತ್ತು, ನಲವತ್ತೆರಡನೆಯದಾಗಿ. ಬದರಿ ಬಾಬು ಅದನ್ನು ಬರೆದುಕೊಂಡು, "ಏನು ಬರೆದಿದೆ ಪಂಡಿತ್‌ಜೀ? ನೀವೇ ಓದಿ ಹೇಳಬೇಕು" ಎಂದರು. ಕನ್ನಡ ಬಲ್ಲವನು ಅಲ್ಲಿ ನಾನೊಬ್ಬನೇ. ಗೋಡೆ ಹೋಗಿ ಲಿಫ್ಟಿಗೆ ಜಾಗವಾದರೆ ಛತ್ರದ ಕೆಳಗಿನ ಮುಂಗೋಣೆ ನನ್ನ ಯಾತ್ರಿಕರ ಕಚೇರಿಗೆ ಎಂದು ಸೇಠ್ ಹಿಂದಿನ ದಿನವೇ ಮಾತು ಕೊಟ್ಟಿದ್ದ. ಈ ಕಾಗದವನ್ನು ಅಲ್ಲೇ ಕೂತು ಬರೆಯುತ್ತಿದ್ದೇನೆ.

"ಏನಿಲ್ಲ ಸಾಹೇಬ್, ಕಾವಲುಗಾರನ ಮಕ್ಕಳು ಅಕ್ಷರ ತಿದ್ದಿದ್ದು" ಎಂದೆ.

ಅವರು ಮೇಲಿನ ಒಂದು ಸೊಟ್ಟ ಸಾಲು ತೋರಿಸಿ, "ಮಕ್ಕಳ ಕೈ ಅಷ್ಟೆತ್ತರಕ್ಕೆ ಹೇಗೆ ಎಟುಕಿತು?" ಎಂದರು.

"ಯಾರೋ ಹೆಗಲ ಮೇಲೆ ಕೂರಿಸಿಕೊಂಡಿರಬೇಕು ಸಾಹೇಬ್."

ಅವರು ನಕ್ಕು ನಲವತ್ತೆರಡನ್ನು ಹೊಡೆದುಹಾಕಿದರು.

ಅಮ್ಮನ ಹೆಸರು ಬರೆಯಲು ಕೆಳಗೆ ಜಾಗವಿರಲಿಲ್ಲ, ಕಾತ್ಯಾ. ನಿನಗಾಗ ಒಂಬತ್ತು ವರ್ಷ. ಹೆಗಲು ನನ್ನದು.