ಮುಳುಗದ ಅತ್ತಿಗೆ

ಜುಲೈ 9, ಮಂಗಳವಾರ.

ಆ ಅತ್ತಿಗೆ ಸಾಯುವುದಿಲ್ಲ. ಈ ದಿನಚರಿಯಲ್ಲಾದರೂ ಬರೆದಿಡುತ್ತೇನೆ.

ನಮ್ಮ ಆನ್‌ಲೈನ್ ಓದುಗರ ಬಳಗಕ್ಕೆ ಈ ತಿಂಗಳು ನೂರು ವರ್ಷ ಹಳೆಯ ಕಾದಂಬರಿ. ಎಷ್ಟನೇ ಪುಟಕ್ಕೆ ಬಂದೆವೆಂದು ದಿನಾ ಗುಂಪಿನಲ್ಲಿ ಹಾಕಬೇಕು. ಎಲ್ಲರೂ ನಾಲ್ಕೇ ದಿನಕ್ಕೆ ‘ಮುಗಿಯಿತು’ ಎಂದು ಹಾಕಿದರು. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಊಟದ ಬಿಡುವಿಗೆ ಹತ್ತು ಪುಟ ಓದುವ ನಾನು ಆಮೆ. ಹಾಗಂತಲೇ ಕರೆಯುತ್ತಾರೆ. ಇವತ್ತು ಮಧ್ಯಾಹ್ನ ಕೊನೆಯ ಪುಟ ಮುಗಿಸಿದೆ. ಗುಂಪಿನಲ್ಲಿ ಹಾಕುವುದೊಂದು ಮರೆತೆ.

ಸಂಜೆಯ ಚರ್ಚೆಯಲ್ಲಿ ಎಲ್ಲರೂ ಕಾದಂಬರಿಯಲ್ಲಿ ಹೊಳೆಗೆ ಹಾರಿ ಸತ್ತ ಅತ್ತಿಗೆಗಾಗಿ ಮರುಗಿದ್ದೇ ಮರುಗಿದ್ದು. ಯಾರೋ ಹಂಚಿದ್ದ ಸಾರಾಂಶ ಅವಳು ಹಾರುವಲ್ಲಿಗೇ ನಿಂತಿತ್ತು.

“ಅವಳು ಸಾಯೋದಿಲ್ಲ, ಅಂಬಿಗ ಎತ್ತುತ್ತಾನೆ. ಕೊನೇ ಪುಟದಲ್ಲಿ ಮನೆಗೆ ಬರ್ತಾಳೆ” ಎಂದೆ.

“ಆಮೆಯವರೇ, ನೀವಿನ್ನೂ ಅಲ್ಲೀತನಕ ಬಂದಿಲ್ಲ ಬಿಡಿ” ಎಂದರು ಬಳಗ ನಡೆಸುವ ಮೇಡಂ. ಪರದೆಯ ಮೇಲೆ ಹನ್ನೊಂದು ಮುಖಗಳು ನಕ್ಕವು.

ಪುಸ್ತಕ ತೊಡೆಯ ಮೇಲೇ ಇತ್ತು. ತೆರೆದು ತೋರಿಸಬಹುದಿತ್ತು. “ಇರಬಹುದು ಮೇಡಂ, ನಂದೇ ತಪ್ಪು” ಎಂದುಬಿಟ್ಟೆ.

ಓದಿದವನಿಗೆ ಮುಜುಗರ, ಓದದವರದೇ ಸಡಗರ. ಪ್ರಾಸವೇನೋ ಕೂತಿತು, ಹೊಟ್ಟೆಯುರಿ ಕೂರಲಿಲ್ಲ.

ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು: “ಓದಿದ್ದೂ ನೀವೊಬ್ರೇ, ಬಾಯಿ ಮುಚ್ಕೊಂಡಿದ್ದೂ ನೀವೊಬ್ರೇ, ಅಲ್ವೇನ್ರೀ?”

ಅವರೇನೋ ಓದದೆ ಅತ್ತಿಗೆಯನ್ನು ಮುಳುಗಿಸಿದರು. ಬಾಗಿಲಿಗೆ ಬಂದು ನಿಂತವಳನ್ನು ನೋಡಿದವನು ನಾನೊಬ್ಬನೇ. ನಾನೇ ಅವಳನ್ನು ಮತ್ತೆ ನೀರಿಗೆ ತಳ್ಳಿದೆ, ಮೇಡಂಗೆ ಬೇಸರವಾದೀತು ಅಂತ. ಹೊಳೆಯಲ್ಲಾದರೆ ಅಂಬಿಗನಿದ್ದ. ಇಲ್ಲಿ ಅವಳನ್ನು ಎತ್ತುವವರು ಯಾರೂ ಇರಲಿಲ್ಲ.